ಓನರ್ ಮೇಡಂ ಬಿಟ್ಟುಹೋದ ವಿಳಾಸ

ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದಾಗ ಅವರ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತುದಿಯವರೆಗೆ ಇಳಿದಿರುತ್ತಿತ್ತು. ಕನ್ನಡಕದ ಮೇಲೆ ಆವಿ ಕಟ್ಟಿ, ಬಿಳಿಗೂದಲು ಕೆನ್ನೆಗೆ ಅಂಟಿಕೊಂಡು, ಮದುವೆಮನೆಯ ಒಲೆಯ ಮುಂದಿನಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅವರು ಮೊದಲು ಹೇಳುತ್ತಿದ್ದ ಮಾತು, “ಫ್ಯಾನ್ ಹಾಕ್ರೀ.” ಕಿಟಕಿ ಬಾಗಿಲೆಲ್ಲ ಮುಚ್ಚಿ, ಫ್ಯಾನ್ ಆರಿಸಿ, ಗೋಡೆ ಗಡಿಯಾರದ ಬ್ಯಾಟರಿಯನ್ನೂ ಕಿತ್ತಿಟ್ಟು, ದಪ್ಪ ಕಂಬಳಿಯೊಂದನ್ನು ತಲೆಯ ಮೇಲಿಂದ ಹೊದ್ದು, ಒಳಗೆ ಟಾರ್ಚಿನ ಬೆಳಕಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಪಿಯುಸಿ ಇತಿಹಾಸದ ಪುಸ್ತಕವನ್ನು ಮೊಬೈಲಿಗೆ ಓದಿ ಹೇಳುತ್ತಿದ್ದರು. ನೀರಿನ ಮೋಟರು ಹಾಕಿ ಎಂದು ಹೇಳಲು ಹೋಗಿದ್ದ ನಾನು ಮೊದಲ ಸಲ ಈ ದೃಶ್ಯ ಕಂಡಾಗ ಹೊಸಿಲಲ್ಲೇ ನಿಂತುಬಿಟ್ಟೆ. ಮಂಚದ ಮೇಲೆ ಒಂದು ಕಂಬಳಿ ಕೂತುಕೊಂಡು ಮೈಸೂರು ಯುದ್ಧಗಳ ಬಗ್ಗೆ ಮಾತಾಡುತ್ತಿತ್ತು.

ಅವರು ನಮ್ಮ ಓನರ್. ತ್ಯಾಗರಾಜನಗರದ ಆ ಮನೆಯ ಕೆಳಗಿನ ಭಾಗದಲ್ಲಿ ಅವರಿದ್ದರು, ಮೇಲೆ ನಾನು ಮತ್ತು ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ತಾಯಿಯನ್ನು ನೋಡಿಕೊಂಡರು, ಆಮೇಲೆ ಕಣ್ಣು ಕಾಣದ ಮಕ್ಕಳಿಗಾಗಿ ಪುಸ್ತಕ ಓದಲು ಶುರುಮಾಡಿದರು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಎ, ಯಾರು ಯಾವ ಪುಸ್ತಕ ಕೇಳಿದರೂ ಸರಿ. ಬ್ರೈಲ್ ಪುಸ್ತಕ ಕೈಗೆ ಬರುವ ಹೊತ್ತಿಗೆ ಪರೀಕ್ಷೆಯೇ ಮುಗಿದಿರುತ್ತದೆ ಎಂಬುದು ಅವರ ಸಿಟ್ಟು. ಸಿಟ್ಟು ಬಂದಾಗ ಅವರು ಕೂಗಾಡುತ್ತಿರಲಿಲ್ಲ. ಒಂದು ಅಧ್ಯಾಯ ಜಾಸ್ತಿ ಓದುತ್ತಿದ್ದರು.

ಎಷ್ಟೇ ಮುಚ್ಚಿದರೂ ಬೀದಿ ಒಳಗೆ ಬರುತ್ತಿತ್ತು. ಅವರ ರೆಕಾರ್ಡಿಂಗುಗಳಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದವಾಗುವ ಹೊತ್ತಿಗೆ ಸರಿಯಾಗಿ ಸೊಪ್ಪಿನವಳು ಬರುತ್ತಾಳೆ. ಪಂಚವಾರ್ಷಿಕ ಯೋಜನೆಗಳ ನಡುವೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಾರೆ. ಮತ್ತೆ ಓದಿ ಎಂದು ಒಮ್ಮೆ ಹೇಳಿದ್ದಕ್ಕೆ, “ಬಿಡ್ರೀ, ಆ ಮಕ್ಳಿಗೂ ತ್ಯಾಗರಾಜನಗರ ಗೊತ್ತಾಗ್ಲಿ. ಸರಿ, ಮುಂದೆ?” ಅಂದರು. ಸರಿ, ಮುಂದೆ ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಮಾತು. ಹಾಲು ಒಡೆದರೂ ಅದೇ, ದೇಶದಲ್ಲಿ ಸರ್ಕಾರ ಬಿದ್ದರೂ ಅದೇ.

ನನ್ನ ವಿಷಯ ಹೇಳಬೇಕೆಂದರೆ, ಬಿಟಿಎಂ ಲೇಔಟಿನ ಒಂದು ಕಂಪನಿಯಲ್ಲಿ ಬೇರೆಯವರ ಸರ್ವರ್‌ಗಳು ನಿಂತುಹೋಗದಂತೆ ಕಾಯುವುದು ನನ್ನ ಕೆಲಸ. ನಡೆಯುತ್ತಿದ್ದರೆ ಯಾರೂ ನಮ್ಮನ್ನು ನೆನೆಯುವುದಿಲ್ಲ, ನಿಂತರೆ ಇಡೀ ಊರು ಬೈಯುತ್ತದೆ. ಆ ಕೆಲಸ ಮುಗಿಸಿ, ಬನಶಂಕರಿಯ ಟ್ರಾಫಿಕ್ಕಿನಲ್ಲಿ ಅರ್ಧ ಜೀವ ಕಳೆದು ಮನೆಗೆ ಬಂದರೆ ಕಂಪ್ಯೂಟರಿನ ಮುಖ ನೋಡಲೂ ಬೇಸರ. ಹೆಂಡತಿಯ ಮೊಬೈಲು ಕೆಟ್ಟರೆ, “ಅಂಗಡಿಗೆ ಕೊಡು” ಅನ್ನುತ್ತಿದ್ದೆ. “ಊರಿಗೆಲ್ಲ ಉಪಕಾರಿ” ಎಂದು ಅವಳು ಗೊಣಗುತ್ತಿದ್ದಳು, ಅದೂ ಸುಳ್ಳು, ಊರಿಗೂ ನಾನು ಉಪಕಾರಿಯಾಗಿರಲಿಲ್ಲ. ಹಾಗಿರುವಾಗ ಓನರ್ ಮೇಡಂ ಒಂದು ಭಾನುವಾರ ಬೆಳಿಗ್ಗೆ, ನಾನು ಪೇಪರ್ ಹಿಡಿದು ಕೂತಿದ್ದಾಗ, ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನವರು ಮೆಟ್ಟಿಲು ಹತ್ತಿ ಬಂದಿದ್ದಾರೆ ಎಂದರೆ ಇದು ಸುಲಭಕ್ಕೆ ಬಗೆಹರಿಯುವ ವಿಷಯವಲ್ಲ ಎಂದು ಆಗಲೇ ಅನ್ನಿಸಿತು.

“ನೋಡ್ರೀ, ಇವ್ರು ಏನ್ ಕೇಳ್ತಾರೆ ಅಂತ,” ಎಂದು ಮೊಬೈಲು ಮುಂದೆ ಹಿಡಿದರು. ಅವರು ರೆಕಾರ್ಡಿಂಗುಗಳನ್ನು ಯಾವುದೋ ಪುಕ್ಕಟೆ ಜಾಗದಲ್ಲಿ ಹಾಕುತ್ತಿದ್ದರು. ಅಲ್ಲಿಗೆ ಹೋದರೆ ಮೊದಲು ಲಾಗಿನ್, ಆಮೇಲೆ ನೀವು ಮನುಷ್ಯರು ಎಂದು ಸಾಬೀತು ಮಾಡಲು ಒಂದಷ್ಟು ಚಿತ್ರಗಳು. ಇದರಲ್ಲಿ ಟ್ರಾಫಿಕ್ ಲೈಟ್ ಇರುವ ಚಿತ್ರಗಳನ್ನು ಆರಿಸಿ.

“ಕಣ್ಣಿಲ್ಲದ ಮಗುಗೆ ಟ್ರಾಫಿಕ್ ಲೈಟ್ ತೋರ್ಸು ಅಂತಾರಲ್ರೀ! ರಾಯಚೂರಿಂದ ಒಬ್ಬ ಫೋನ್ ಮಾಡಿ, ಮೇಡಂ ನಾನು ಮನುಷ್ಯ ಅಂತ ಹೇಗೆ ತೋರಿಸ್ಲಿ ಅಂತ ಕೇಳ್ದ. ನಾನೇನ್ ಹೇಳ್ಲಿ?”

ನಾನು ಪೇಪರ್ ಮಡಿಸಿಟ್ಟೆ. ಅವರು ನಿಂತೇ ಇದ್ದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. “ಲಾಗಿನ್ ಇರ್ಬಾರ್ದು, ಚಿತ್ರ ಇರ್ಬಾರ್ದು. ಫೋನಲ್ಲಿ ಬಾಯಲ್ಲಿ ಹೇಳಿದ್ರೆ ನೆನಪಿರೋ ಅಂಥ ಒಂದು ವಿಳಾಸ. ತೆಗೆದ ತಕ್ಷಣ ಪಾಠ ಕೇಳ್ಬೇಕು. ನಿಮ್ಮ ಕೈಲಿ ಆಗುತ್ತಾ, ಆಗಲ್ವಾ?” ಪಾಠ ಹೇಳಿದವರಿಗೆ ಮಾತ್ರ ಬರುವ ದನಿ ಅದು. ಆಗಲ್ಲ ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೇನೋ ಅನ್ನಿಸಿ, ಆಗುತ್ತೆ ಅಂದೆ.

ಹೀಗೆ ಪರದೆ ಒಡೆದಿದ್ದ ನನ್ನ ಹಳೆಯ ಲ್ಯಾಪ್‌ಟಾಪೊಂದು ಅವರ ಸ್ಟೋರ್ ರೂಮಿನಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕದ ಕಲ್ಲುಹಾಸಿನ ಮೇಲೆ, ಪಾಠಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಸರ್ವರ್ ಆಗಿ ಕೂತಿತು. ಅಷ್ಟು ನನಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಕಷ್ಟವಾಗಿದ್ದು ವಿಳಾಸ. ಅದನ್ನು ಯಾರ ಹತ್ತಿರ ನೋಂದಾಯಿಸುವುದು, ಅದಕ್ಕೆ ದಾರಿ ಹೇಳುವ ಕೆಲಸವನ್ನು ಯಾರಿಗೆ ಕೊಡುವುದು ಎಂದು ನಾನು ವಿವರಿಸಲು ಹೊರಟೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅರ್ಥವಾಯಿತು ಎನ್ನುವ ಜಾಯಮಾನ ಅವರದಲ್ಲ. “ಇನ್ನೊಂದ್ ಸಲ ಹೇಳಿ, ನಿಮ್ಮ ಆಫೀಸ್ ಭಾಷೆ ಬಿಟ್ಟು” ಅಂದರು.

ಕಿಟಕಿಯಾಚೆ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಕಾಣುತ್ತಿತ್ತು. ನಮ್ಮ ಏರಿಯಾದ ಮೇನು ಕ್ರಾಸುಗಳ ಗೋಜಲಿನಲ್ಲಿ ಕೊರಿಯರಿನವರು, ಗ್ಯಾಸಿನವರು, ನೆಂಟರು, ಯಾರೇ ಬಂದರೂ ಕೇಳುವುದು ಆ ಇಸ್ತ್ರಿಯವನನ್ನೇ. ನಾನು ಹೇಳಿದೆ, “ಮೇಡಂ, ಈ ಹೆಸರು ನಿಮ್ದು ಅಂತ ಬರ್ಕೊಳ್ಳೋದು ಸಬ್ ರಿಜಿಸ್ಟ್ರಾರ್ ಆಫೀಸ್ ಇದ್ದ ಹಾಗೆ. ವರ್ಷಾ ವರ್ಷಾ ರಿನ್ಯೂ ಮಾಡಿಸ್ಬೇಕು. ಆ ಹೆಸರು ಹೇಳಿಕೊಂಡು ಬಂದೋರಿಗೆ ಮನೆ ತೋರ್ಸೋದು ಬೇರೆ ಕೆಲ್ಸ. ಅದು ಇಸ್ತ್ರಿಯವ್ನು. ನಮ್ಮನೆಗೆ ಒಂದು ರೋಗ ಇದೆ, ಕರೆಂಟ್ ಹೋಗಿ ಬಂದಾಗೆಲ್ಲ ಇಂಟರ್ನೆಟ್ಟಲ್ಲಿ ನಮ್ಮ ಮನೆ ನಂಬರ್ ಬದಲಾಗುತ್ತೆ. ಹೋಗಿ ಇಸ್ತ್ರಿಯವ್ನಿಗೆ ಹೊಸ ನಂಬರ್ ಹೇಳಿ ಬರೋದಕ್ಕೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದಿಡ್ತೀನಿ.”

“ಅಷ್ಟೇನಾ? ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ,” ಅಂದರು. “ಸರಿ, ಮುಂದೆ?”

ಮುಂದಿನದು ಯಾರನ್ನು ಆರಿಸುವುದು ಎಂಬುದು. ನಾನು ಒಂದೆರಡು ದಿನ ಹುಡುಕಾಡಿ ಹೋಲಿಸಿ ನೋಡೋಣ ಅಂದೆ. ಅವರು ಬೇಡ ಅಂದರು. ಅವರಿಗೆ ಎಲ್ಲ ಕಡೆಯೂ ಹಳೆಯ ವಿದ್ಯಾರ್ಥಿಗಳಿದ್ದರು. ಬ್ಯಾಂಕಿನಲ್ಲಿ ಒಬ್ಬಳು, ಗ್ಯಾಸ್ ಏಜೆನ್ಸಿಯಲ್ಲಿ ಒಬ್ಬ, ಹಲ್ಲಿನ ಡಾಕ್ಟರೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನೇ. ಅವರ ಇಡೀ ಬದುಕು ಈ ಹಳೆಯ ಹಾಜರಿಯ ಮೇಲೆ ನಡೆಯುತ್ತಿತ್ತು. ಈ ಕೆಲಸಕ್ಕೂ ಒಬ್ಬ ಸಿಕ್ಕಿದ. ಜಯನಗರದಲ್ಲಿ ಒಂದು ಮಹಡಿ ಕೋಣೆಯಲ್ಲಿ ಕೂತು ವೆಬ್‌ಸೈಟು ಮಾಡಿಕೊಡುತ್ತಿದ್ದವನು, ಯಾವುದೋ ದೊಡ್ಡ ಕಂಪನಿಯಿಂದ ಇಂಥ ವಿಳಾಸದ ಹೆಸರುಗಳನ್ನು ತಂದು ಚಿಲ್ಲರೆ ಮಾರುತ್ತಿದ್ದ. ಹೆಸರೂ ಅವನ ಹತ್ತಿರವೇ, ದಾರಿ ತೋರಿಸುವ ಕೆಲಸವೂ ಅವನ ಹತ್ತಿರವೇ. ನನಗೆ ಪೂರ್ತಿ ಸಮಾಧಾನವಿರಲಿಲ್ಲ, ಆದರೆ ನನ್ನ ಮಾತಿಗಿಂತ ಅವನ ಹತ್ತನೇ ಕ್ಲಾಸಿನ ನಡತೆಯೇ ಅವರಿಗೆ ದೊಡ್ಡ ಪ್ರಮಾಣಪತ್ರವಾಗಿತ್ತು.

ಅವನು ಒಳ್ಳೆಯವನೇ. ಕೆಲವು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಎರಡು ಪುಟ್ಟ ಪದಗಳ ಆ ವಿಳಾಸ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ದಾಟಿ ಎಲ್ಲೆಲ್ಲಿಗೋ ಹೋಯಿತು. ಹಾಸ್ಟೆಲುಗಳಿಗೆ, ಹಳ್ಳಿಗಳಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ. ಯಾರು ಕೇಳುತ್ತಾರೆ, ಎಷ್ಟು ಜನ ಕೇಳುತ್ತಾರೆ ಎಂದು ನಾವು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮೇಡಂ ಅದಕ್ಕೆ ಬಿಡಲಿಲ್ಲ. “ಲೈಬ್ರರೀಲಿ ನಿಂತು ಓದೋನ ಹೆಸರು ಯಾರಾದ್ರೂ ಕೇಳ್ತಾರಾ?” ಅನ್ನುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಸ್ಟೋರ್ ರೂಮಿಗೆ ಹೋಗಿ, ಲ್ಯಾಪ್‌ಟಾಪಿನ ಪುಟ್ಟ ದೀಪ ಮಿನುಗುತ್ತಿದೆಯೇ ಎಂದು ನೋಡಿ, ಅದರ ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ ಬರುವುದು ಅವರ ನಿತ್ಯದ ಕೆಲಸಗಳಲ್ಲಿ ಒಂದಾಯಿತು. ಕರೆಂಟು ಹೋದರೆ ಕೆಳಗಿನಿಂದ ಕೂಗು ಬರುತ್ತಿತ್ತು, “ಏನ್ರೀ, ಇಸ್ತ್ರಿಯವ್ನಿಗೆ ಹೇಳಿದ್ರಾ?”

ಒಂದು ಬೇಸಿಗೆಯ ಕೊನೆಗೆ ಆ ಜಯನಗರದವನು ಬಂದ. ಮದುವೆಯಾಗಿತ್ತು, ಕೈಗೆತ್ತಿಕೊಂಡಿದ್ದ ವ್ಯಾಪಾರ ನಡೆಯುತ್ತಿರಲಿಲ್ಲ, ಅಂಗಡಿ ಮುಚ್ಚಿ ಮಾವನ ಜೊತೆ ಬೇರೆ ಊರಿಗೆ ಹೋಗುತ್ತಿದ್ದ. “ಮೇಡಂ, ನಿಮ್ಮ ಹೆಸರನ್ನ ಬೇಗ ಬೇರೆ ಕಡೆ ಶಿಫ್ಟ್ ಮಾಡಿಸ್ಕೊಳ್ಳಿ. ನನ್ನ ಹತ್ರ ಇನ್ನು ರಿನ್ಯೂ ಆಗಲ್ಲ” ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದ. ಹೆಸರಿನ ಅವಧಿ ಮುಗಿಯುವುದು ಆಷಾಢದ ನಡುವೆ. ಅದಕ್ಕೆ ಮೊದಲೇ ಮಾಡಿ ಮುಗಿಸೋಣ ಎಂದು ನಾನು ಅಂದುಕೊಂಡರೆ, ಮೇಡಂ ಆ ದಿನಗಳಲ್ಲಿ ವೈರಲ್ ಜ್ವರ ಹಿಡಿದು ಮಲಗಿದರು. ಹೆಸರು ಅವರದು, ಓಟಿಪಿ ಅವರಿಗೆ, ಸಹಿ ಅವರದು. ಏಳುವ ಹೊತ್ತಿಗೆ ಆಷಾಢ ಬಂದಿತ್ತು.

“ಶ್ರಾವಣ ಬರ್ಲಿ, ಮಾಡೋಣ,” ಅಂದರು.

ನಾನು ತಮಾಷೆ ಅಂದುಕೊಂಡೆ. ಪೂಜೆ ಪುನಸ್ಕಾರದ ಮನುಷ್ಯರಲ್ಲ ಅವರು. ಗ್ರಹಣದ ದಿನ ಬೇಕೆಂದೇ ಬಿಸಿಬಿಸಿ ಉಪ್ಪಿಟ್ಟು ಮಾಡಿ ಮೇಲಕ್ಕೂ ಕಳಿಸುತ್ತಿದ್ದವರು. “ಮೇಡಂ, ಇದೇನು ಮನೆ ಬದಲಾಯಿಸೋದಲ್ಲ, ಕಂಪ್ಯೂಟರಲ್ಲಿ ಒಂದು ಹೆಸರು ಈ ಕಡೆಯಿಂದ ಆ ಕಡೆಗೆ ಹೋಗೋದು” ಅಂದೆ.

“ನೀವೇ ಅಲ್ವಾ ಹೇಳಿದ್ದು, ಇದು ಮನೆ ಇದ್ದ ಹಾಗೆ ಅಂತ?”

ನಾನು ಬಿಡಲಿಲ್ಲ. ಅವಧಿ ಮುಗಿದರೆ ಏನಾಗಬಹುದು ಎಂದು ಹೇಳಿದೆ. ಅವಧಿ ಮುಗಿದ ಮೇಲೂ ಒಂದಷ್ಟು ದಿನ ಹೆಸರು ನಮ್ಮದೇ ಇರುತ್ತದಲ್ಲ ಎಂದು ಅವರು ಕೇಳಿದರು. ಇರುತ್ತದೆ, ಆದರೆ ಬಾಗಿಲಿಗೆ ಬೇರೆಯವರು ಬೋರ್ಡು ಹಾಕಬಹುದು ಅಂದೆ. ಕರೆಂಟ್ ಬಿಲ್ಲಿನ ಹಾಗೆ ಅದಕ್ಕೂ ಕೊನೆಯ ದಿನದ ಮೇಲೆ ಸ್ವಲ್ಪ ದಿನ ಕೊಡುತ್ತಾರೆ ಎಂಬುದಷ್ಟೇ ಅವರ ಕಿವಿಗೆ ಬಿತ್ತು. ಕೊನೆಗೆ, ಮುಖ ನೋಡದೆ ಹೇಳಿದರು. ಈ ಮನೆ ಕಟ್ಟುವ ಮೊದಲು ಅವರು, ಅವರ ತಾಯಿ ಗವಿಪುರದಲ್ಲಿ ಬಾಡಿಗೆಗಿದ್ದರಂತೆ. ಮನೆ ಮಾರಿಹೋಗಿ, ಆಷಾಢ ಮುಗಿಯಲಿ ಎಂದರೂ ಕೇಳದೆ ಬಿಡಿಸಿದರಂತೆ. ಆಷಾಢದಲ್ಲೇ ಹೋಗಿ ಸೇರಿದ ಮನೆಯ ಬಚ್ಚಲಿನಲ್ಲಿ ತಾಯಿ ಜಾರಿಬಿದ್ದವರು ಮತ್ತೆ ತಾವಾಗಿ ಎದ್ದು ನಡೆಯಲಿಲ್ಲ. “ನಂಬಿಕೆ ಇಲ್ಲ ಕಣ್ರೀ ನಂಗೆ. ಹೆದರಿಕೆ” ಅಂದರು. ನಾನು ಅಲ್ಲಿಗೇ ಬಿಟ್ಟು ಮೇಲೆ ಹೋದೆ. ಆ ಹೊತ್ತಿಗೆ ಯಾರ ಜೊತೆ ಏನು ವಾದ ಮಾಡುವುದಕ್ಕೂ ನನ್ನಲ್ಲಿ ಶಕ್ತಿ ಇರುತ್ತಿರಲಿಲ್ಲ ಅನ್ನಿ.

ಅವಧಿ ಮುಗಿದು ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಅವರಿಗೆ ಒಂದು ಫೋನು ಬಂತು. ಶಿರಾ ಕಡೆಯ ಒಬ್ಬ ಹುಡುಗಿ. ಪಿಯುಸಿ ಇತಿಹಾಸದಲ್ಲಿ ಫೇಲಾಗಿ ಸಪ್ಲಿಮೆಂಟರಿ ಕಟ್ಟಿದ್ದವಳು, ಪರೀಕ್ಷೆ ಅದೇ ವಾರ. ನಾನು ಹಾಲು ತೆಗೆದುಕೊಳ್ಳಲು ಕೆಳಗಿಳಿದಿದ್ದೆ, ಸ್ಪೀಕರಿನಲ್ಲಿ ಕೇಳಿಸಿತು. “ಮೇಡಂ, ನಿಮ್ಮ ವಿಳಾಸ ತೆಗೆದ್ರೆ ಯಾರೋ ರಮ್ಮಿ ಆಡಿ, ರಮ್ಮಿ ಆಡಿ ಅಂತಿದ್ದಾರೆ. ಪಾಠ ಬರ್ತಿಲ್ಲ.”

ಮೇಡಂ ನನ್ನ ಕಡೆ ತಿರುಗಿದರು. ನಾನು ನನ್ನ ಮೊಬೈಲಿನಲ್ಲಿ ತೆಗೆದು ನೋಡಿದೆ. ಜಯನಗರದವನ ಮೇಲಿನ ದೊಡ್ಡ ಕಂಪನಿ ಆ ವಿಳಾಸವನ್ನು ತನ್ನ ಜಾಹೀರಾತು ಪುಟಕ್ಕೆ ತಿರುಗಿಸಿತ್ತು. ಸ್ಟೋರ್ ರೂಮಿನಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಎಲ್ಲ ಪಾಠಗಳೂ ಇದ್ದ ಹಾಗೇ ಇದ್ದವು. ಅಲ್ಲಿಗೆ ಬರುವ ದಾರಿ ಮಾತ್ರ ಇರಲಿಲ್ಲ. ಆ ಹುಡುಗಿಗೆ ಬೇಕಾದ ಪಾಠಗಳನ್ನು ನಾನು ಆಗಲೇ ವಾಟ್ಸಾಪಿನಲ್ಲಿ ಕಳಿಸಿದೆ. ಅಂದು ಆಫೀಸಿಗೆ ರಜೆ ಹಾಕಿದೆ. ಮಧ್ಯಾಹ್ನದ ತನಕ ಇನ್ನಷ್ಟು ಫೋನುಗಳು ಬಂದವು, ಬಂದವರಿಗೆಲ್ಲ ಕಳಿಸಿದೆವು. ಸಂಜೆಗೆ ಫೋನುಗಳು ನಿಂತವು. ನಾನು ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು, “ಸದ್ಯ, ಎಲ್ರಿಗೂ ಸಿಕ್ತಲ್ಲ ಮೇಡಂ” ಅಂದೆ.

ಅವರು ಮೊಬೈಲನ್ನೇ ನೋಡುತ್ತ ಕೂತಿದ್ದರು. “ಫೋನ್ ಮಾಡದೇ ಇರೋರ ಗತಿ ಏನ್ರೀ?” ಅಂದರು.

ನಮ್ಮ ಹತ್ತಿರ ಯಾರ ಹೆಸರೂ ಇರಲಿಲ್ಲ. ಎಲ್ಲೋ ಒಂದು ಹಾಸ್ಟೆಲಿನಲ್ಲಿ, ಎಲ್ಲೋ ಒಂದು ಜಗಲಿಯ ಮೇಲೆ ಯಾರೋ ಕಿವಿಗೆ ಫೋನು ಇಟ್ಟುಕೊಂಡು, ರಮ್ಮಿಯ ಮಾತು ಕೇಳಿ, ಸರಿ ಇನ್ನು ಇಲ್ಲ ಎಂದುಕೊಂಡು ಫೋನು ಕೆಳಗಿಟ್ಟಿರಬಹುದು. ನಂಬರು ಗೊತ್ತಿಲ್ಲದವರು, ಗೊತ್ತಿದ್ದರೂ ದೊಡ್ಡವರಿಗೆ ಯಾಕೆ ತೊಂದರೆ ಎಂದು ಸುಮ್ಮನಾದವರು. ಅಂಥವರು ಎಷ್ಟಿದ್ದರೋ, ಪರೀಕ್ಷೆಯಲ್ಲಿ ಏನು ಬರೆದರೋ ತಿಳಿಯುವ ದಾರಿಯೇ ಇರಲಿಲ್ಲ. ಶಿರಾದ ಹುಡುಗಿ ಪಾಸಾದಳು ಎಂಬ ಸುದ್ದಿ ಬಂದಾಗಲೂ ಮೇಡಂ, “ಸಂತೋಷ ಕಣಮ್ಮ” ಎಂದು ಹೇಳಿ ಫೋನಿಟ್ಟರು, ಅಷ್ಟೆ. ಆ ಕೆಲವು ವಾರ ಅವರ ಬಾಯಿಂದ ಸರಿ ಮುಂದೆ ಎನ್ನುವ ಮಾತು ನಾನು ಕೇಳಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ನಿಜ. ಅವರನ್ನು ಹಾಗೆ ನೋಡಿದ ಮೇಲೆ ಆ ಸಿಟ್ಟನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ದಂಡ ಕಟ್ಟಿ, ಗುರುತಿನ ಚೀಟಿ ಕಳಿಸಿ, ಮೇಲಿನ ಕಂಪನಿಯ ಕೈಕಾಲು ಹಿಡಿದು ಹೆಸರನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಈಗ ಅದನ್ನು ಒಂದು ಗಟ್ಟಿ ಜಾಗಕ್ಕೆ ಸೇರಿಸಬೇಕು. ನಾನು ಈ ಸಲ ಕೂತು ಹುಡುಕಿದೆ. ಒಬ್ಬರು ಮೊದಲ ವರ್ಷ ಅಗ್ಗ ಎಂದು ಕೂಗಿ ಎರಡನೇ ವರ್ಷದ ವಿಷಯವನ್ನು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರು. ಇನ್ನೊಬ್ಬರು ಬೇಡವಾದ ನಾಲ್ಕು ಸಾಮಾನು ಬುಟ್ಟಿಗೆ ಹಾಕಿಯೇ ಬಿಲ್ಲಿಗೆ ಕಳಿಸುತ್ತಿದ್ದರು. ಕೊನೆಗೆ ಕೆಲವರನ್ನು ಆರಿಸಿ ಮೇಡಂ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, “ಇವ್ರ ಫೋನ್ ನಂಬರ್ ಎಲ್ಲಿದೆ?” ಅಂದರು.

ಒಂದು ಶನಿವಾರ ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತು, ಫೋನನ್ನು ಸ್ಪೀಕರಿಗೆ ಹಾಕಿ, ಒಬ್ಬೊಬ್ಬರಿಗೇ ಮಾಡಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಪರೀಕ್ಷೆಯ ಮೇಲ್ವಿಚಾರಕರ ಸ್ಪಷ್ಟವಾದ ಇಂಗ್ಲಿಷಿನಲ್ಲಿ. ನಾನು ಸತ್ತರೆ ಈ ಹೆಸರು ಏನಾಗುತ್ತದೆ? ಮೊದಲನೆಯವನು, ನಿಮಗೆ ಮೂರು ಸಲ ರಿಮೈಂಡರ್ ಮೇಲ್ ಬರುತ್ತೆ ಮೇಡಂ ಅಂದ. “ಎಲ್ಲಿಗೆ?” ಎಂದು ಇವರು ಕೇಳಿದರು. ಅವನು, ನಿಮ್ಮದೇ ಇ-ಮೇಲಿಗೆ ಅಂದ. ಎರಡನೆಯ ಕಡೆ ಸಂಗೀತ ಹಾಕಿ ಕೂರಿಸಿದರು. ಒಂದು ಕಟ್ಟು ಸೊಪ್ಪು ಬಿಡಿಸಿ ಮುಗಿದರೂ ಸಂಗೀತ ಮುಗಿಯಲಿಲ್ಲ. ಇನ್ನೊಬ್ಬಳು, ಹಾಗೆಲ್ಲ ಅನ್ನಬೇಡಿ ಮೇಡಂ, ನೀವು ಚೆನ್ನಾಗಿರ್ತೀರ ಎಂದು ಸಮಾಧಾನ ಹೇಳಿದಳು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಹೋದೆ. ಎಷ್ಟೋ ದಿನದ ಮೇಲೆ ಅವರೂ ನಕ್ಕಿದ್ದು ಕೇಳಿಸಿತು.

ಕೊನೆಯ ಕಡೆ ಒಬ್ಬ ಹುಡುಗಿ ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ, ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಳು. ಸೋಮವಾರ ಅವಳೇ ಫೋನು ಮಾಡಿದಳು. ಸತ್ತ ಮೇಲೆ ಹೆಸರು ಬದಲಾಯಿಸಲು ಮರಣಪತ್ರ, ವಾರಸುದಾರರ ಕಾಗದ ಎಲ್ಲ ಬೇಕು, ತುಂಬ ತಡವಾಗುತ್ತದೆ, ಬದುಕಿರುವಾಗಲೇ ಮಾಡಿದರೆ ಸುಲಭ ಎಂದು ಮರೆಮಾಚದೆ ಹೇಳಿದಳು. ಮೇಡಂ ಅವಳನ್ನು ಮನಸಾರೆ ಹೊಗಳಿ ಫೋನಿಟ್ಟರು. ಅಲ್ಲಿಗೆ ಹೆಸರು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಾರ್ ಯಾರು ಎಂಬುದು ತೀರ್ಮಾನವಾಯಿತು. ದಾರಿ ಹೇಳುವ ಕೆಲಸವನ್ನು ಅವರಿಗೇ ಕೊಡುವುದು ಬೇಡ, ಬೇರೆ ಕಂಪನಿಗೆ ಕೊಡೋಣ ಎಂದೂ ಮೇಡಂ ಅವರೇ ಹೇಳಿದರು. “ಹೋದ್ಸಲ ಕಾಗದ ಇಟ್ಕೊಂಡೋನೂ ದಾರಿ ಹೇಳೋನೂ ಒಬ್ನೇ ಆಗಿದ್ದ. ಒಟ್ಟಿಗೇ ಊರು ಬಿಟ್ಟ.”

ಆಮೇಲೆ, ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ, “ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ” ಅಂದರು.

ಅದು ಏನೆಂದು ನನಗೆ ಗೊತ್ತಿತ್ತು. ಇನ್ನೊಂದು ಪಾಸ್‌ವರ್ಡು, ಇನ್ನೊಂದು ನೆನಪಿಟ್ಟುಕೊಳ್ಳುವ ದಿನ, ನಿಂತರೆ ಬೈಸಿಕೊಳ್ಳುವ ಇನ್ನೊಂದು ಸರ್ವರು. ನನಗೆ ಅವೇ ಸಾಕಾಗಿತ್ತು. “ಮೇಡಂ, ನಾನು ಬಾಡಿಗೆಯವ್ನು. ನಾಳೆ ಮನೆ ಬಿಟ್ಟು ಹೋಗ್ತೀನಿ” ಅಂದೆ.

“ಹೋಗಿ. ಅದನ್ನೂ ತಗೊಂಡ್ ಹೋಗಿ. ಅದಕ್ಕೇನು ಗೋಡೆ ಇದೆಯಾ?”

“ನಿಮ್ಮ ತಮ್ಮನ ಮಗ ಇದ್ದಾರಲ್ಲ…”

“ಅವ್ನಿಗೆ ಈ ಮನೆ ಇದೆ,” ಅಂದರು. ಆಮೇಲೆ, “ನಿಮಗೆ ಸುಸ್ತಾಗಿದೆ ಅಂತ ಗೊತ್ತು ಕಣ್ರೀ. ಸುಸ್ತಾದ್ರೂ ಅವತ್ತು ರಜಾ ಹಾಕಿದ್ರಿ” ಅಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಾನು ನನ್ನ ಹೆಸರು ಹಾಕಿದೆ. ಓಟಿಪಿ ನನ್ನ ಮೊಬೈಲಿಗೆ ಬಂತು.

ಮುಂದಿನ ವರ್ಷ ಚಳಿಗಾಲದಲ್ಲಿ ನೆಗಡಿ ಎಂದು ಶುರುವಾದದ್ದು ನ್ಯುಮೋನಿಯಾ ಆಯಿತು. ಜಯನಗರದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿ ಏನೋ ಹೇಳಿದರು. ಬಗ್ಗಿ ಕೇಳಿದೆ. ಪಿಯುಸಿ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಒಂದು ಇಸವಿ ತಪ್ಪು ಓದಿದ್ದೀನಿ, ಸರಿ ಮಾಡ್ಬೇಕು ಅಂದರು. ನರ್ಸು ಬಂದು ಮಾಸ್ಕನ್ನು ಮತ್ತೆ ಹಾಕಿದರು. ಎರಡು ದಿನಕ್ಕೆ ಹೋಗಿಬಿಟ್ಟರು. ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ಆ ಅಧ್ಯಾಯ ಹಾಕಿ ಕೇಳಿದೆ. ತಪ್ಪು ಇತ್ತು. ಅವರ ದನಿಯಲ್ಲಿ ಅದನ್ನು ಸರಿಮಾಡುವವರು ಯಾರೂ ಇರಲಿಲ್ಲ. ಅಧ್ಯಾಯದ ಹೆಸರಿನ ಪಕ್ಕದಲ್ಲಿ, ಕಣ್ಣಿಲ್ಲದವರ ಫೋನು ಗಟ್ಟಿಯಾಗಿ ಓದಿ ಹೇಳುವ ಹಾಗೆ, ಸರಿಯಾದ ಇಸವಿ ಬರೆದಿಟ್ಟೆ. ಅಂದು ತುಂಬ ಅತ್ತೆ.

ತಮ್ಮನ ಮಗ ಕೆಟ್ಟವನಲ್ಲ, ಅವನಿಗೆ ಆ ಮನೆ ಬೇಕಿರಲಿಲ್ಲ, ಅಷ್ಟೆ. ಮಾರಿದ. ಕೊಂಡವರು ಕೆಡವಿದರು. ನಾವು ಚಿಕ್ಕಲಸಂದ್ರದಲ್ಲಿ ಒಂದು ಮನೆ ಹಿಡಿದೆವು. ಸಾಮಾನು ಲಾರಿಗೆ ಏರಿಸುವಾಗ ಲ್ಯಾಪ್‌ಟಾಪನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಆಟೋದ ಹಿಂದಿನ ಸೀಟಿನಲ್ಲಿ ಕೂತೆ. ಹೊಸ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಗೂಡಿನಲ್ಲಿಟ್ಟು ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ, ಆ ಎರಡು ಪದಗಳ ವಿಳಾಸ ಚಿಕ್ಕಲಸಂದ್ರವನ್ನು ತೋರಿಸಿತು. ತ್ಯಾಗರಾಜನಗರದಲ್ಲಿ ಈಗ ಪಾಯದ ಗುಂಡಿ ಇದೆ, ಅದರಲ್ಲಿ ಮಳೆನೀರು ನಿಂತಿದೆ. ಪಾಠ ಕೇಳುವ ಯಾರಿಗೂ ಇದೊಂದೂ ಗೊತ್ತಾಗಲಿಲ್ಲ. ಅವರ ಫೋನುಗಳಲ್ಲಿ ಸೊಪ್ಪಿನವಳು ಇನ್ನೂ ಆ ಬೀದಿಯಲ್ಲೇ ಬರುತ್ತಾಳೆ. ಪುಟದ ಕೊನೆಯಲ್ಲಿ ಮೇಡಂ ನಂಬರಿದ್ದ ಜಾಗದಲ್ಲಿ ನನ್ನ ನಂಬರು ಹಾಕಿದೆ.

ಕಳೆದ ತಿಂಗಳು ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದೆ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ಯಾವುದೋ ಸಾಲ ಕೊಡುವವರಿರಬೇಕು ಎಂದುಕೊಂಡೇ ಎತ್ತಿದೆ.

“ಸಾರ್, ಮೇಡಂ ಇದ್ದಾರಾ?” ಒಂದು ಹುಡುಗಿಯ ದನಿ. ಹೊಸದುರ್ಗದ ಹತ್ತಿರದ ಹಳ್ಳಿ ಎಂದಳು, ಈ ವರ್ಷ ಪಿಯುಸಿ. “ಬೆಳಿಗ್ಗೆಯಿಂದ ಅವ್ರ ಪಾಠನೇ ಕೇಳ್ತಿದ್ದೆ. ಪುಸ್ತಕ ಬದಲಾಗಿದೆ ಸಾರ್, ಕೆಲವು ಪಾಠ ಹೊಸದು ಬಂದಿದೆ. ಅದನ್ನ ಯಾವಾಗ ಓದ್ತಾರೆ ಅಂತ ಕೇಳೋಣ ಅಂತ ಮಾಡ್ದೆ.”

ಹೇಳಬೇಕಾಯಿತು. ಹೇಳಿದೆ. ಆ ಕಡೆ ಕುಕ್ಕರಿನ ಸದ್ದು, ಯಾರೋ ಯಾರನ್ನೋ ಕರೆಯುವ ಸದ್ದು. ಅಷ್ಟು ಹೊತ್ತು ತನ್ನ ಕಿವಿಯಲ್ಲಿ ಮಾತಾಡುತ್ತಿದ್ದವರು ಇಲ್ಲ ಎಂದು ಯಾರೋ ಗೊತ್ತಿಲ್ಲದ ಗಂಡಸು ಹೇಳಿದರೆ ಹೇಗಾಗಿರಬೇಡ.

“ನಂಗೊತ್ತಿರ್ಲಿಲ್ಲ ಸಾರ್,” ಅಂದಳು. ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, ಅಂಜುತ್ತಲೇ, “ಹಂಗಾದ್ರೆ ಹೊಸ ಪಾಠ ಯಾರು ಓದ್ತಾರೆ ಸಾರ್?” ಎಂದು ಕೇಳಿದಳು.

ವಿಳಾಸ ಎಷ್ಟು ವರ್ಷಕ್ಕೆ ಭದ್ರವಾಗಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಕರೆಂಟು ಹೋದರೆ ಏನು, ಕಂಪನಿ ಮುಚ್ಚಿದರೆ ಏನು, ನಾನು ಸತ್ತರೆ ಏನು, ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಅವಳು ಕೇಳಿದ್ದು ಅದನ್ನಲ್ಲ. ಬೇರೆ ಯಾರನ್ನಾದರೂ ಹುಡುಕೋಣ ಎಂದು ಹೇಳಲು ಬಾಯಿ ತೆರೆದೆ. ಒಂದು ಕಾಲಿನಲ್ಲಿ ಶೂ, ಇನ್ನೊಂದರಲ್ಲಿ ಇಲ್ಲ, ಹಾಗೇ ಬಾಗಿಲ ಹತ್ತಿರ ಕೂತಿದ್ದೆ.

“ನಾನು ಓದ್ತೀನಮ್ಮ,” ಅಂದೆ. “ಆದ್ರೆ ಅವ್ರಷ್ಟು ಚೆನ್ನಾಗಿ ನಂಗೆ ಬರಲ್ಲ.”

“ಪರವಾಗಿಲ್ಲ ಸಾರ್,” ಎಂದಳು ಅವಳು, ನನಗೇ ಸಮಾಧಾನ ಹೇಳುವವಳ ಹಾಗೆ. “ಪರೀಕ್ಷೆಗೆ ಇನ್ನೂ ಟೈಮಿದೆ. ಕಲ್ಕೊಳ್ಳಿ.”